ಚುಕ್ತಾ ಎಂದು ಬರೆದ ಚೀಟಿ

ಗದಗಿನ ಒಂದು ಮುದ್ರಣಾಲಯದಲ್ಲಿ ನನ್ನ ಸೋದರಮಾವ 19 ವರ್ಷ ಅಚ್ಚುಮೊಳೆ ಜೋಡಿಸಿದರು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಶಾಲೆಯ ಪ್ರಶ್ನೆಪತ್ರಿಕೆ, ದಲಾಲಿ ಅಂಗಡಿಯ ಪಾವತಿ ಪುಸ್ತಕ ಎಲ್ಲವೂ ಅವರ ಬೆರಳು ದಾಟಿಯೇ ಊರಿಗೆ ಬರುತ್ತಿದ್ದವು. ಮೊಳೆಯ ಮೇಲೆ ಅಕ್ಷರ ತಿರುವುಮುರುವಾಗಿ ಕೂತಿರುತ್ತದೆ. ನಾವು ಕನ್ನಡಿಯಲ್ಲಿ ಹಿಡಿದು ಓದಬೇಕಾದ್ದನ್ನು ಅವರು ಬರಿಗಣ್ಣಲ್ಲಿ, ನಮ್ಮ ಜೊತೆ ಮಾತಾಡುತ್ತಲೇ, ಒತ್ತಕ್ಷರವೂ ತಪ್ಪದಂತೆ ಓದುತ್ತಿದ್ದರು. 1992ರಲ್ಲಿ ಆ ಪ್ರೆಸ್ಸಿಗೆ ಆಫ್‌ಸೆಟ್ ಯಂತ್ರ ಬಂತು. ಬಂದ ಮೂರನೆಯ ವಾರ ಮಾಲೀಕರು ಒಳಗೆ ಕರೆದು ಹೇಳಿದ್ದು ಇಷ್ಟು: ‘ನಾಳಿಂದ ಬರಬ್ಯಾಡಪಾ. ಹೊಸಾ ಮಷೀನು ಬಂದೈತಿ. ನಿನ್ನ ಕೆಲಸ ಇನ್ನ ಇಲ್ಲ.’ ಮೇಜಿನ ಮೇಲೆ ಎರಡು ಸಾವಿರ ರೂಪಾಯಿ ಇಟ್ಟಿದ್ದರು. ಪಕ್ಕದಲ್ಲಿ ರಶೀದಿ ಟಿಕೆಟ್ ಹಚ್ಚಿದ ಒಂದು ಚೀಟಿ. ಮಾವ ಟಿಕೆಟ್ಟಿನ ಮೇಲೆ ಸಹಿ ಮಾಡಿ ಹಣ ಎಣಿಸಿಕೊಂಡು ಬೆಟಗೇರಿಯ ಮನೆಗೆ ಬಂದರು. ‘ಅದರಾಗ ಏನ್ ಬರದಿತ್ರಿ?’ ಎಂದು ಅತ್ತೆ ಕೇಳಿದಾಗ ಅವರಿಗೆ ಹೇಳಲು ಬರಲಿಲ್ಲ. ಓದಿರಲಿಲ್ಲ. ಅದರಲ್ಲಿ ಬರೆದಿದ್ದನ್ನು ಅವರ ಜೊತೆಗಾರರೊಬ್ಬರು ಆಮೇಲೆ ತಿಳಿಸಿದರು: ನಾನಾಗಿಯೇ ಕೆಲಸ ಬಿಟ್ಟಿದ್ದೇನೆ, ನನ್ನ ಲೆಕ್ಕ ಪೂರಾ ಚುಕ್ತಾ ಆಗಿದೆ.

ನಾನು ಆಗ ಕಾಲೇಜಿನಲ್ಲಿದ್ದೆ. ಕಾನೂನು ಗೊತ್ತಿರಲಿಲ್ಲ, ಗೊತ್ತಿದ್ದವರನ್ನು ಕೇಳಬೇಕೆಂದೂ ತೋಚಲಿಲ್ಲ. ಮಾವ ಮರುದಿನ ಬೆಳಿಗ್ಗೆ ಅಭ್ಯಾಸದಂತೆ ಒಂಬತ್ತಕ್ಕೇ ಸೈಕಲ್ ಹೊರಗೆ ತೆಗೆದು, ಮತ್ತೆ ಒಳಗಿಟ್ಟದ್ದು ಮಾತ್ರ ನೆನಪಿದೆ. ಈಗ ಆ ಲೆಕ್ಕ ಹಾಕಬಲ್ಲೆ. ಪಗಾರ ತಿಂಗಳಿಗೆ 900 ರೂಪಾಯಿ. ಕೆಲಸ ಕಡಿತ ಮಾಡುವಾಗ ಒಂದು ತಿಂಗಳ ಮುಂಚಿತ ನೋಟಿಸು ಕೊಡಬೇಕು, ಇಲ್ಲವೇ ಆ ತಿಂಗಳ ಪಗಾರ: 900. ತುಂಬಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ಪಗಾರದಂತೆ ಪರಿಹಾರ: 450ನ್ನು 19ರಿಂದ ಗುಣಿಸಿದರೆ 8,550. ಇದೆರಡೂ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 25-ಎಫ್ ಕಲಮಿನ ಪ್ರಕಾರ. ಪ್ರೆಸ್ಸಿನಲ್ಲಿ ಹತ್ತಕ್ಕೂ ಹೆಚ್ಚು ಜನ ಇದ್ದುದರಿಂದ 1972ರ ಉಪದಾನ (ಗ್ರಾಚ್ಯುಟಿ) ಕಾಯ್ದೆಯೂ ಅನ್ವಯಿಸುತ್ತಿತ್ತು. ಪಗಾರವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, 19 ವರ್ಷಕ್ಕೆ ಹಿಡಿದರೆ ಗ್ರಾಚ್ಯುಟಿ 9,865 ರೂಪಾಯಿ. ಒಟ್ಟು 19,315. ಬಂದದ್ದು ಎರಡು ಸಾವಿರ. ಪರಿಹಾರ ಕೊಡದೆ, ನೋಟಿಸು ಕೊಡದೆ ತೆಗೆದದ್ದು ಕಾನೂನಿನ ಕಣ್ಣಲ್ಲಿ ತೆಗೆದಂತೆಯೇ ಅಲ್ಲ ಎಂಬುದು ಇನ್ನೂ ದೊಡ್ಡ ಮಾತು. ಆ ಹಣ ಕೆಲಸದಿಂದ ಬಿಡಿಸುವ ಹೊತ್ತಿಗೇ ಕೈಗೆ ಬರಬೇಕು. ಬರದಿದ್ದರೆ ಆ ಬಿಡಿಸುವಿಕೆಯೇ ಅಸಿಂಧು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಜನರನ್ನು ಕೆಲಸದಿಂದ ತೆಗೆಯುವುದು ಇವತ್ತಿಗೂ ಬಾಯಿಮಾತಿನಲ್ಲೇ. ದೊಡ್ಡ ನಗರದ ಕಂಪನಿಯಾದರೆ ಇಮೇಲ್ ಬರುತ್ತದೆ, ಒಪ್ಪಂದದ ಪತ್ರ ಇರುತ್ತದೆ. ಇಲ್ಲಿ ಹತ್ತಿ ಜಿನ್ನಿನಲ್ಲಿ, ಎಣ್ಣೆ ಗಿರಣಿಯಲ್ಲಿ, ಬಟ್ಟೆ ಅಂಗಡಿಯಲ್ಲಿ, ಔಷಧಿ ಅಂಗಡಿಯಲ್ಲಿ, ಖಾಸಗಿ ಶಾಲೆಯಲ್ಲಿ ಸೇರಿಸಿಕೊಳ್ಳುವುದೂ ಬಾಯಿಮಾತಲ್ಲೇ, ಕಳಿಸುವುದೂ ಬಾಯಿಮಾತಲ್ಲೇ. ಕಾರ್ಮಿಕ ಕಾನೂನಿನ ಬಗ್ಗೆ ಪತ್ರಿಕೆಗಳಲ್ಲಿ ಚರ್ಚೆ ಬಂದಾಗಲೆಲ್ಲ ನೂರು ಜನರ ಕಾರ್ಖಾನೆಗೆ ಸರ್ಕಾರದ ಅನುಮತಿ ಬೇಕೋ, ಮುನ್ನೂರು ಜನರ ಕಾರ್ಖಾನೆಗೆ ಬೇಕೋ ಎಂಬುದೇ ಮುನ್ನೆಲೆಗೆ ಬರುತ್ತದೆ. ಹತ್ತು ಇಪ್ಪತ್ತು ಜನ ದುಡಿಯುವ ಜಾಗಗಳೇ ತುಂಬಿರುವ ನಮ್ಮ ಊರುಗಳಿಗೆ ಆ ಚರ್ಚೆ ತಾಗುವುದೇ ಇಲ್ಲ. ನಮಗೆ ತಾಗುವುದು ಆ ಒಂದು ತಿಂಗಳ ನೋಟಿಸು, ಆ 15 ದಿನದ ಲೆಕ್ಕ. ಅದಕ್ಕೆ ಇಷ್ಟೇ ಜನ ಇರಬೇಕೆಂಬ ಮಿತಿ ಇಲ್ಲ. ಐದು ಜನರ ಪ್ರೆಸ್ಸಿಗೂ ಅದು ಅನ್ವಯಿಸುತ್ತದೆ. ಈ ಒಂದು ಸಂಗತಿ ನಮ್ಮಲ್ಲಿ ಎಷ್ಟು ಕಡಿಮೆ ಜನರಿಗೆ ಗೊತ್ತಿದೆ ಎಂಬುದನ್ನು ನೋಡಿ ನನಗೆ ಸಂಕಟವಾಗುತ್ತದೆ.

ಆ ಹಕ್ಕು ಸಿಗಬೇಕಾದರೆ ದಾಟಬೇಕಾದ ಹೊಸ್ತಿಲು ಒಂದಿದೆ: 240 ದಿನ. ಕೆಲಸದಿಂದ ತೆಗೆದ ದಿನದಿಂದ ಹಿಂದಕ್ಕೆ ಎಣಿಸಿ 12 ತಿಂಗಳಲ್ಲಿ 240 ದಿನ ದುಡಿದಿರಬೇಕು. ಪಗಾರ ಸಹಿತ ರಜೆ, ಪಗಾರ ಸಿಕ್ಕ ವಾರದ ರಜೆಗಳೂ ಎಣಿಕೆಗೆ ಬರುತ್ತವೆ. ದಿನಗೂಲಿಯವರಾದರೂ ಸರಿ, ಕಾಯಂ ಆದವರಾದರೂ ಸರಿ. ಮಾಲೀಕರ ಕಡೆಯವರಿಗೆ ಈ ಸಂಖ್ಯೆ ಚೆನ್ನಾಗಿ ಗೊತ್ತು. 240 ದಿನ ತುಂಬುವ ಮೊದಲೇ ಮನೆಗೆ ಕಳಿಸಿ, ಕೆಲವು ತಿಂಗಳ ಮೇಲೆ ಮತ್ತೆ ಕರೆಯುವ ಪದ್ಧತಿ ಹುಟ್ಟಿದ್ದೇ ಅದರಿಂದ. ಹೊಸ ಹೆಸರಲ್ಲಿ, ಅಣ್ಣನ ಬದಲು ತಮ್ಮನ ಹೆಸರಲ್ಲಿ ಹಾಜರಿ ಬರೆಯುವುದೂ ಉಂಟು.

240 ದಿನ ದುಡಿದೆ ಎಂದು ತೋರಿಸುವವರು ಯಾರು? ಇದನ್ನು ಬಿಡಿಸಿದ ಎರಡು ದೊಡ್ಡ ತೀರ್ಪುಗಳೂ ಕರ್ನಾಟಕದಿಂದಲೇ ಹೋದವು. ಮೊದಲನೆಯದು 2002ರ ಹಡಿಮನಿ ಪ್ರಕರಣ. ಅರಣ್ಯ ಇಲಾಖೆಯಲ್ಲಿ ದುಡಿದ ಕೂಲಿಕಾರರೊಬ್ಬರು ತಾವು 240 ದಿನಕ್ಕಿಂತ ಹೆಚ್ಚು ಕೆಲಸ ಮಾಡಿದ್ದಾಗಿ ಪ್ರಮಾಣಪತ್ರ ಸಲ್ಲಿಸಿದ್ದರು. ಕೆಳಗಿನ ಹಂತದಲ್ಲಿ ಗೆದ್ದರು. ಸುಪ್ರೀಂ ಕೋರ್ಟು ಮಾತ್ರ, ಪಗಾರ ಪಡೆದ ದಾಖಲೆಯಿಲ್ಲ, ನೇಮಕದ ಆದೇಶವಿಲ್ಲ, ದುಡಿದವನ ಸ್ವಂತ ಹೇಳಿಕೆಯೊಂದೇ ಸಾಲದು, ಸಾಬೀತು ಮಾಡುವ ಹೊಣೆ ಅವನದೇ ಎಂದಿತು. ಈ ತೀರ್ಪು ದೇಶದ ಮೂಲೆಮೂಲೆಯ ಕಾರ್ಮಿಕ ನ್ಯಾಯಾಲಯಗಳಲ್ಲಿ ಮಾಲೀಕರ ವಕೀಲರ ಮೊದಲ ಅಸ್ತ್ರವಾಯಿತು. ಹಾಜರಿ ಪುಸ್ತಕ ಇರುವುದು ಮಾಲೀಕನ ಕಪಾಟಿನಲ್ಲಿ, ಕೀಲಿಕೈ ಅವನ ಕಿಸೆಯಲ್ಲಿ. ಅದರೊಳಗಿನದನ್ನು ತೋರಿಸು ಎಂದು ಹೊರಗೆ ನಿಂತ ಕೂಲಿಕಾರನಿಗೆ ಹೇಳುವುದು ನನಗೆ ಇವತ್ತಿಗೂ ನ್ಯಾಯ ಎನಿಸುವುದಿಲ್ಲ.

ಮೂರು ವರ್ಷದ ಬಳಿಕ, 2005ರ ನವೆಂಬರಿನಲ್ಲಿ, ಯಲ್ಲಟ್ಟಿ ಪ್ರಕರಣದಲ್ಲಿ ಅದೇ ಕೋರ್ಟು ಈ ಬಿಗಿಯನ್ನು ಸ್ವಲ್ಪ ಸಡಿಲಿಸಿತು. ಅದೂ ಸರ್ಕಾರಿ ಎಂಜಿನಿಯರಿಂಗ್ ಕಚೇರಿಯ ದಿನಗೂಲಿ ನೌಕರರೊಬ್ಬರದು. ದಿನಗೂಲಿಗೆ ನೇಮಕ ಪತ್ರವಾಗಲಿ ಬಿಡಿಸಿದ ಪತ್ರವಾಗಲಿ ಇರುವುದೇ ಇಲ್ಲವಲ್ಲ ಎಂಬ ವಾಸ್ತವವನ್ನು ನ್ಯಾಯಮೂರ್ತಿಗಳು ಒಪ್ಪಿದರು. ಕಾರ್ಮಿಕ ಸಾಕ್ಷಿಕಟ್ಟೆ ಹತ್ತಿ ಹೇಳಬೇಕು, ಕೈಯಲ್ಲಿರುವ ಏನನ್ನಾದರೂ ತೋರಿಸಬೇಕು, ಮಸ್ಟರ್ ರೋಲು ಮತ್ತು ಪಗಾರದ ಪುಸ್ತಕಗಳನ್ನು ತರಿಸಿ ಎಂದು ಕೋರ್ಟನ್ನು ಕೇಳಬೇಕು. ಆಗಲೂ ಎದುರು ಪಕ್ಷ ಅವನ್ನು ಮುಚ್ಚಿಟ್ಟರೆ ಅದನ್ನು ಅವರ ವಿರುದ್ಧವೇ ತೆಗೆದುಕೊಳ್ಳಬಹುದು ಎಂದರು. ಆ ನೌಕರರನ್ನು ಉಳಿಸಿದ್ದು ಹಿಂದಿನ ಎಂಜಿನಿಯರೊಬ್ಬರು ಕೊಟ್ಟಿದ್ದ ಒಂದು ಹಾಳೆಯ ದೃಢೀಕರಣ ಪತ್ರ. ಅವರು ಆ ದಿನ ಕೇಳಿ ಬರೆಸಿಕೊಂಡಿರದಿದ್ದರೆ?

ನಾನು ಯಾರೇ ಕೇಳಿದರೂ ಮೊದಲು ಹೇಳುವುದು ಇದೇ. ಕೆಲಸ ಇರುವಾಗಲೇ ಕಾಗದ ಕೂಡಿಡಬೇಕು. ಹೋದ ಮೇಲೆ ಯಾರೂ ಕೊಡುವುದಿಲ್ಲ. ಪಗಾರ ಫೋನ್‌ಪೇಯಲ್ಲಿ ಬಂದರೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅದು ಮೂಡುತ್ತದೆ, ನಗದಿಗಿಂತ ಅದು ಮೇಲು. ಪಿಎಫ್ ಖಾತೆಯ ವಿವರ, ಇಎಸ್‌ಐ ಚೀಟಿ, ಅಂಗಡಿಯ ಹೆಸರಿರುವ ಗುರುತಿನ ಪಟ್ಟಿ, ದೀಪಾವಳಿ ಪೂಜೆಯ ದಿನ ಸಾವುಕಾರರ ಜೊತೆ ನಿಂತು ತೆಗೆಸಿದ ಫೋಟೊ, ‘ನಾಳೆ ಲಗು ಬಾ’ ಎಂದು ಬಂದ ವಾಟ್ಸ್‌ಆ್ಯಪ್ ಸಂದೇಶ ಎಲ್ಲವೂ ಸಾಕ್ಷ್ಯವೇ. ಹೆಣ್ಣುಮಕ್ಕಳ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯದೇ ಇರುವುದು ನಮ್ಮ ಕಡೆಯ ಅಂಗಡಿಗಳಲ್ಲಿ ಹೆಚ್ಚು. ಅವರು ಈ ವಿಷಯದಲ್ಲಿ ಇನ್ನೂ ಎಚ್ಚರ ಇರಬೇಕು. ಬಸುರಿ ಎಂಬ ಕಾರಣಕ್ಕೆ, ಬಾಣಂತನದ ರಜೆಯಲ್ಲಿದ್ದಾಗ, ಕೆಲಸದಿಂದ ತೆಗೆಯುವುದನ್ನು 1961ರ ಹೆರಿಗೆ ಸೌಲಭ್ಯ ಕಾಯ್ದೆಯೇ ನಿಷೇಧಿಸಿತ್ತು. ಮಸ್ಟರ್ ರೋಲಿನ ಹೆಣ್ಣುಮಕ್ಕಳಿಗೂ ಅದು ಅನ್ವಯಿಸುತ್ತದೆ ಎಂದು ದೆಹಲಿ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ 2000ದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಕಾಗದ ಇದ್ದೂ ಎಷ್ಟು ಕಾಯಬೇಕಾಗುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಿ ದೂರ ಹೋಗಬೇಕಿಲ್ಲ. ಸುಪ್ರೀಂ ಕೋರ್ಟಿನ ವರದಿಗಳಲ್ಲಿ ‘ಕರ್ನಾಟಕ ರಾಜ್ಯ ವಿರುದ್ಧ ಎಂ.ಎಲ್. ಕೇಸರಿ’ ಎಂಬ ಪ್ರಕರಣವಿದೆ. ದೇಶದ ಎಲ್ಲ ಹೈಕೋರ್ಟುಗಳಲ್ಲೂ ದಿನಗೂಲಿ ನೌಕರರ ವಕೀಲರು ಅದನ್ನು ಹೇಳುತ್ತಾರೆ. ಅದು ನಮ್ಮ ಗದಗ ಜಿಲ್ಲಾ ಪಂಚಾಯತಿಯ ನೌಕರರ ಪ್ರಕರಣ ಎಂಬುದು ಮಾತ್ರ ಊರಲ್ಲೇ ಬಹಳ ಜನಕ್ಕೆ ಗೊತ್ತಿಲ್ಲ.

ಆ ನೌಕರರು 1980ರ ದಶಕದ ನಡುವಿನಿಂದ ದಿನಗೂಲಿಯಾಗಿ ದುಡಿಯುತ್ತಿದ್ದರು. ಆಗ ಗದಗ ಇನ್ನೂ ಧಾರವಾಡ ಜಿಲ್ಲೆಯ ತಾಲ್ಲೂಕು. 1997ರಲ್ಲಿ ಜಿಲ್ಲೆಯಾಯಿತು, ಕಚೇರಿಗಳಿಗೆ ಹೊಸ ಬೋರ್ಡು ಬಂತು, ಅಧಿಕಾರಿಗಳು ಬಂದರು ಹೋದರು. ಇವರ ಹೆಸರಿನ ಮುಂದೆ ‘ದಿನಗೂಲಿ’ ಎಂಬುದು ಹಾಗೇ ಉಳಿಯಿತು. ಹದಿನೈದು ವರ್ಷ ದಾಟಿದ ಮೇಲೆ ಕಾಯಂ ಮಾಡಿ ಎಂದು ಹೈಕೋರ್ಟಿಗೆ ಹೋದರು. ಅವರ ಮನವಿಯನ್ನು ಪರಿಗಣಿಸಿ ಎಂದು ಹೈಕೋರ್ಟು ಹೇಳಿದ್ದನ್ನೂ ಸರ್ಕಾರ ಒಪ್ಪದೆ ದೆಹಲಿಯವರೆಗೆ ಹೋಯಿತು.

ಆ ಹೊತ್ತಿಗೆ ಇನ್ನೊಂದು ತೀರ್ಪು ಬಂದಿತ್ತು. ಅದೂ ಕರ್ನಾಟಕದ್ದೇ: ಉಮಾದೇವಿ ಪ್ರಕರಣ. ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಕೆಲವು ಜಿಲ್ಲೆಗಳಲ್ಲಿ 1985–86ರಲ್ಲಿ ತೆಗೆದುಕೊಂಡಿದ್ದ ದಿನಗೂಲಿಗಳು ಅದರ ಮೂಲ ಕಕ್ಷಿದಾರರು. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ನಿಯಮದಂತೆ ನೇಮಕವಾಗದವರು ಎಷ್ಟು ವರ್ಷ ದುಡಿದರೂ ಕಾಯಂ ಆಗುವ ಹಕ್ಕು ತಾನಾಗಿ ಹುಟ್ಟುವುದಿಲ್ಲ ಎಂದಿತು. ಹಿಂಬಾಗಿಲ ನೇಮಕ ನಿಲ್ಲಲಿ, ಅರ್ಜಿ ಹಾಕಿ ಕಾಯುತ್ತಿರುವ ಲಕ್ಷಾಂತರ ಹುಡುಗರಿಗೆ ಅನ್ಯಾಯವಾಗದಿರಲಿ ಎಂಬುದು ಅದರ ಉದ್ದೇಶ; ಅದನ್ನು ತಪ್ಪೆನ್ನಲಾರೆ. ಆದರೆ ಇಲಾಖೆಗಳು ಅದರಿಂದ ತಮಗೆ ಬೇಕಾದ್ದನ್ನಷ್ಟೇ ಹೆಕ್ಕಿಕೊಂಡವು. ಇಪ್ಪತ್ತು ವರ್ಷ ದುಡಿಸಿಕೊಂಡವರಿಗೆ ‘ಉಮಾದೇವಿ ಆಗ್ಯಾದ, ಏನೂ ಮಾಡಾಕ ಬರೂದಿಲ್ಲ’ ಎನ್ನುವುದು ಕಚೇರಿಗಳ ಸಿದ್ಧ ಉತ್ತರವಾಯಿತು. ಅದೇ ತೀರ್ಪಿನ 53ನೇ ಪ್ಯಾರಾ ಮುಚ್ಚಿಹೋಯಿತು. ಮಂಜೂರಾದ ಹುದ್ದೆಯಲ್ಲಿ, ಅರ್ಹತೆ ಇದ್ದು, ಕೋರ್ಟಿನ ತಡೆಯಾಜ್ಞೆಯ ಬಲವಿಲ್ಲದೆ ಹತ್ತು ವರ್ಷ ದಾಟಿದವರನ್ನು ಒಂದು ಸಲದ ಕ್ರಮವಾಗಿ ಸಕ್ರಮಗೊಳಿಸಿ, ಆ ಕೆಲಸವನ್ನು ಆರು ತಿಂಗಳಲ್ಲಿ ಆರಂಭಿಸಿ ಎಂದು ಅಲ್ಲಿ ಹೇಳಿತ್ತು.

2010ರ ಆಗಸ್ಟ್ 3ರಂದು ನ್ಯಾಯಮೂರ್ತಿಗಳಾದ ಆರ್.ವಿ. ರವೀಂದ್ರನ್ ಮತ್ತು ಎಚ್.ಎಲ್. ಗೋಖಲೆ ಗದಗಿನವರ ಪ್ರಕರಣದಲ್ಲಿ ಆ ಮುಚ್ಚಿದ ಪುಟವನ್ನು ತೆರೆದರು. ರವೀಂದ್ರನ್ ಅವರು ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದವರು, ಇಲ್ಲಿಯ ಕಚೇರಿಗಳ ರೀತಿ ಬಲ್ಲವರು. ಗದಗ ಜಿಲ್ಲಾ ಪಂಚಾಯತಿ ಆರು ತಿಂಗಳೊಳಗೆ ತನ್ನಲ್ಲಿರುವ ಎಲ್ಲ ದಿನಗೂಲಿ, ತಾತ್ಕಾಲಿಕ ನೌಕರರ ಪಟ್ಟಿ ಮಾಡಬೇಕು, ಉಮಾದೇವಿಯ ಷರತ್ತು ಪೂರೈಸುವವರನ್ನು ಸಕ್ರಮಗೊಳಿಸಬೇಕು. ಕೋರ್ಟಿಗೆ ಬಂದವರನ್ನು ಮಾತ್ರ ನೋಡಿದರೆ ಸಾಲದು ಎಂದರು. ಅರ್ಹರೆಲ್ಲರನ್ನೂ ಪರಿಗಣಿಸಿ ಮುಗಿಯುವವರೆಗೆ ಆ ‘ಒಂದು ಸಲದ ಕ್ರಮ’ ಮುಗಿಯಿತೆಂದು ಯಾವ ಇಲಾಖೆಯೂ ಹೇಳುವಂತಿಲ್ಲ ಎಂದೂ ಸ್ಪಷ್ಟಪಡಿಸಿದರು. ಈ ಕೊನೆಯ ಮಾತು ದೇಶದ ಸಾವಿರಾರು ನೌಕರರಿಗೆ ಬಾಗಿಲಾಯಿತು. 1980ರ ದಶಕದಲ್ಲಿ ಸೇರಿದವರಿಗೆ ಅದು ಸಿಕ್ಕಾಗ 2010. ಇಪ್ಪತ್ತು ದಾಟಿದ ವಯಸ್ಸಿನಲ್ಲಿ ಕೆಲಸಕ್ಕೆ ಬಂದವರು ಆಗ ಐವತ್ತರ ಹತ್ತಿರ. ಆ ಇಪ್ಪತ್ತೈದು ವರ್ಷ, ನಾಳೆ ಬಾ ಎನ್ನುತ್ತಾರೋ ಇಲ್ಲವೋ ಎಂಬ ಅಳುಕನ್ನು ಊಟದ ಡಬ್ಬಿಯ ಜೊತೆ ಹೊತ್ತು ಕಚೇರಿಗೆ ಹೋಗಿಬಂದವರು ಅವರು. ಅದಾದ ಮೇಲೆ, 2012ರಲ್ಲಿ, ರಾಜ್ಯ ಸರ್ಕಾರ ದಿನಗೂಲಿ ನೌಕರರ ಕ್ಷೇಮಾಭಿವೃದ್ಧಿ ಕಾಯ್ದೆಯನ್ನೂ ಮಾಡಿತು.

ಈಗ ‘ದಿನಗೂಲಿ’ ಎಂಬ ಹೆಸರು ಕಡಿಮೆಯಾಗಿ ‘ಹೊರಗುತ್ತಿಗೆ’ ಬಂದಿದೆ. ಗುತ್ತಿಗೆದಾರ ಬದಲಾದಾಗಲೆಲ್ಲ ಪಟ್ಟಿಯಿಂದ ಕೆಲವರ ಹೆಸರು ಉದುರುತ್ತದೆ. ಗುತ್ತಿಗೆದಾರನನ್ನು ಕೇಳಿದರೆ ಕಚೇರಿ ತೋರಿಸುತ್ತಾನೆ, ಕಚೇರಿಯನ್ನು ಕೇಳಿದರೆ ಗುತ್ತಿಗೆದಾರನನ್ನು. ಈ ಆಟ ಸುಪ್ರೀಂ ಕೋರ್ಟಿನ ಕಣ್ಣಿಗೂ ಬಿದ್ದಿದೆ. ಕೇಂದ್ರ ಜಲ ಆಯೋಗದ ಕಚೇರಿಗಳಲ್ಲಿ ದಶಕಗಳ ಕಾಲ ಕಸ ಗುಡಿಸಿ, ಗಿಡಕ್ಕೆ ನೀರು ಹಾಕಿದವರನ್ನು 2018ರಲ್ಲಿ ಏಕಾಏಕಿ ಕಳಿಸಿದ್ದರು. ಜಗ್ಗೋ ಪ್ರಕರಣ ಎಂದು ಹೆಸರಾದ ಇದರಲ್ಲಿ 2024ರ ಡಿಸೆಂಬರ್ 20ರಂದು ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಪ್ರಸನ್ನ ಬಿ. ವರಾಳೆ ಅವರನ್ನು ಮರಳಿ ತೆಗೆದುಕೊಂಡು ಕಾಯಂ ಮಾಡಲು ಆದೇಶಿಸಿದರು. ವರ್ಷಗಟ್ಟಲೆ ದುಡಿದವರನ್ನು ಹೊರಹಾಕಲು ಉಮಾದೇವಿ ತೀರ್ಪನ್ನು ಆಯುಧ ಮಾಡಿಕೊಳ್ಳಬಾರದು ಎಂಬುದು ಅದರ ತಿರುಳು. ವರಾಳೆಯವರು ನಮ್ಮ ನಿಪ್ಪಾಣಿಯಲ್ಲಿ ಹುಟ್ಟಿದವರು, ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯೂ ಆಗಿದ್ದವರು.

ಎಲ್ಲರಿಗೂ ಬಾಗಿಲು ಒಂದೇ ಅಲ್ಲ ಎಂಬುದನ್ನು ತಿಳಿಯದೆ ಎಷ್ಟೋ ಜನ ತಪ್ಪು ಬಾಗಿಲ ಮುಂದೆ ವರ್ಷ ಕಳೆಯುತ್ತಾರೆ. ಅಂಗಡಿ, ಹೋಟೆಲುಗಳಲ್ಲಿ ದುಡಿಯುವವರಿಗೆ ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಇದೆ. ಆರು ತಿಂಗಳು ಸತತವಾಗಿ ದುಡಿದವರನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸು ಅಥವಾ ಪಗಾರವಿಲ್ಲದೆ ತೆಗೆಯುವಂತಿಲ್ಲ ಎಂದು ಅದರ 39ನೇ ಕಲಂ ಹೇಳುತ್ತದೆ. ಕದ್ದ ಎನ್ನುತ್ತಾರಾ? ವಿಚಾರಣೆ ಮಾಡಿ, ಪುರಾವೆ ಇಟ್ಟು ಹೇಳಬೇಕು. ಲಕ್ಷ್ಮೇಶ್ವರದ ಬಜಾರಿನಲ್ಲಿ ಸೀರೆಯ ಮಡಿಕೆ ಬಿಚ್ಚಿ ತೋರಿಸುವ ಹುಡುಗಿಗೂ, ಮುಂಡರಗಿಯ ಔಷಧಿ ಅಂಗಡಿಯ ಹುಡುಗನಿಗೂ ಈ ರಕ್ಷಣೆ ಇದೆ. ಅವನಿಗೆ ‘ಮ್ಯಾನೇಜರ್’ ಎಂದು ಹೆಸರು ಕೊಟ್ಟುಬಿಟ್ಟರೆ ಕಾರ್ಮಿಕ ಕಾನೂನು ತಾಗುವುದಿಲ್ಲ ಎಂದು ಕೆಲವು ಸಾವುಕಾರರು ನಂಬಿದ್ದಾರೆ. ಕೋರ್ಟು ನೋಡುವುದು ದಿನವಿಡೀ ಅವನು ಮಾಡುವ ಕೆಲಸವನ್ನು.

ಶಿಕ್ಷಕರ ದಾರಿ ಬೇರೆ. ಶಿಕ್ಷಕರು ‘ಕಾರ್ಮಿಕ’ ಎಂಬ ವ್ಯಾಖ್ಯೆಗೆ ಬರುವುದಿಲ್ಲ ಎಂದು 1988ರಲ್ಲಿ ಗೋವಾದ ಸುಂದರಾಂಬಾಳ್ ಪ್ರಕರಣದಲ್ಲಿ ತೀರ್ಮಾನವಾಯಿತು. ಆದರೆ ಕರ್ನಾಟಕ ಶಿಕ್ಷಣ ಕಾಯ್ದೆಯ 92ನೇ ಕಲಂ ಖಾಸಗಿ ಶಾಲೆಯ ನೌಕರರನ್ನು ವಿಚಾರಣೆಯಿಲ್ಲದೆ ವಜಾ ಮಾಡದಂತೆ ಕಾಯುತ್ತದೆ. ವಜಾ ಮಾಡಿದರೆ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ, ಎಂದರೆ ಜಿಲ್ಲಾ ನ್ಯಾಯಾಧೀಶರ ಮುಂದೆ, ಹೋಗಬೇಕು. ಮಠಗಳು, ಟ್ರಸ್ಟುಗಳು ನಡೆಸುವ ಶಾಲೆಗಳು ಇಷ್ಟೊಂದಿರುವ ಜಿಲ್ಲೆಯಲ್ಲಿ ಆ ಮೂರು ತಿಂಗಳ ಗಡುವು ಪ್ರತಿ ಶಿಕ್ಷಕರಿಗೂ ಬಾಯಿಪಾಠ ಆಗಿರಬೇಕು. ಬೇಸಿಗೆ ರಜೆಗೆ ಮುಂಚೆ ಬಿಡಿಸಿ ಜೂನಿನಲ್ಲಿ ಕರೆಯುವುದಾಗಿ ಹೇಳಿ, ಗಡುವು ಮುಗಿದ ಮೇಲೆ ಇಲ್ಲ ಎನ್ನುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ.

ಸಹಕಾರ ಸಂಘದ ನೌಕರರು ಇನ್ನಷ್ಟು ಎಚ್ಚರದಿಂದಿರಬೇಕು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಂಘದ ಹೆಮ್ಮೆ ನಮ್ಮದು. ಊರೂರಿಗೂ ಸಂಘ, ಅದಕ್ಕೊಬ್ಬ ಕಾರ್ಯದರ್ಶಿ, ಒಬ್ಬ ಗುಮಾಸ್ತ. ಅವರ ಸೇವಾ ವಿವಾದಗಳು ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ಸಹಕಾರ ಇಲಾಖೆಯತ್ತ ಹೋಗುತ್ತವೆ. ವಕೀಲರ ಬಳಿ ಮೊದಲು ಕೇಳಬೇಕಾದದ್ದು, ನನ್ನದು ಯಾವ ಕೋರ್ಟಿಗೆ ಎಂಬುದನ್ನೇ.

ಸಾರಿಗೆ ಸಂಸ್ಥೆಯ ಕಂಡಕ್ಟರುಗಳ ಪ್ರಕರಣಗಳಲ್ಲಿ ಆರೋಪಪಟ್ಟಿ, ವಿಚಾರಣೆ, ಆದೇಶ ಎಲ್ಲವೂ ಕಾಗದದಲ್ಲಿ ಇರುತ್ತದೆ. ಅಲ್ಲಿ ಪ್ರಶ್ನೆ ಶಿಕ್ಷೆಯ ಪ್ರಮಾಣದ್ದು. ತಪ್ಪಿಗೆ ಶಿಕ್ಷೆ ಹೆಚ್ಚಾಯಿತು ಎನಿಸಿದರೆ ಅದನ್ನು ಇಳಿಸುವ ಅಧಿಕಾರ 1971ರಿಂದ ಕೈಗಾರಿಕಾ ವಿವಾದಗಳ ಕಾಯ್ದೆಯ 11-ಎ ಕಲಮಿನ ಮೂಲಕ ಕಾರ್ಮಿಕ ನ್ಯಾಯಾಲಯಕ್ಕಿತ್ತು. ಟಿಕೆಟ್ಟಿನ ಹಣದ ವಿಷಯದಲ್ಲಿ ಮಾತ್ರ ಸುಪ್ರೀಂ ಕೋರ್ಟು ಬಿಗಿ. ನಮ್ಮ ರಾಜ್ಯದ್ದೇ ಹುಲ್ಲಿಕಟ್ಟಿ ಪ್ರಕರಣದಲ್ಲಿ ಇಂಥ ತಪ್ಪಿಗೆ ಕನಿಕರ ತೋರಬಾರದೆಂದು ವಜಾವನ್ನೇ ಎತ್ತಿಹಿಡಿಯಿತು.

ಕಾನೂನೇ ಈಗ ಬದಲಾಗಿದೆ. 2025ರ ನವೆಂಬರ್ 21ರಂದು ಕೇಂದ್ರ ಸರ್ಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1947ರ ಕಾಯ್ದೆಯ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಒಂದು ತಿಂಗಳ ನೋಟಿಸು, ವರ್ಷಕ್ಕೆ 15 ದಿನದ ಪರಿಹಾರ ಹಾಗೇ ಉಳಿದಿವೆ. ಕಡಿತಕ್ಕೊಳಗಾದವರಿಗೆ ಹೊಸ ಕೌಶಲ ಕಲಿಯಲೆಂದು ಇನ್ನೂ 15 ದಿನದ ಪಗಾರ ಸೇರಬೇಕು. ಕೆಲಸದಿಂದ ಬಿಡಿಸಿದರೆ ಬಾಕಿ ಪಗಾರ ಎರಡು ಕೆಲಸದ ದಿನಗಳಲ್ಲಿ ಕೊಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ನೇಮಕ ಪತ್ರ ಕೊಡುವುದು ಕಡ್ಡಾಯವಾಗಿದೆ. ಇದೊಂದು ನಿಜವಾಗಿ ನಡೆದರೆ ಹಡಿಮನಿ ಪ್ರಕರಣದಂಥವು ಮತ್ತೆ ಹುಟ್ಟಲಾರವು. ಆದರೆ ಗಡುವು ಕಿರಿದಾಗಿದೆ. ಹಳೆಯ ಕಾಯ್ದೆಯಲ್ಲಿ ಒಬ್ಬ ಕಾರ್ಮಿಕ ನೇರವಾಗಿ ಕೋರ್ಟಿಗೆ ಹೋಗಲು 2010ರಿಂದ ಮೂರು ವರ್ಷವಿತ್ತು, ಈಗ ಎರಡೇ. ಕರ್ನಾಟಕ ಈ ವಿಷಯದಲ್ಲಿ ಒಮ್ಮೆ ದೇಶಕ್ಕಿಂತ ಮುಂದಿತ್ತು. ಸರ್ಕಾರದ ಅಪ್ಪಣೆಗೆ ಕಾಯದೆ ಆರು ತಿಂಗಳೊಳಗೆ ತಾನೇ ಕಾರ್ಮಿಕ ನ್ಯಾಯಾಲಯದ ಬಾಗಿಲು ತಟ್ಟುವ ಹಕ್ಕನ್ನು ನಮ್ಮ ರಾಜ್ಯ 1988ರಲ್ಲೇ ತಿದ್ದುಪಡಿ ಮಾಡಿ ಕೊಟ್ಟಿತ್ತು. ಮಾವನಿಗೂ ಆ ಆರು ತಿಂಗಳು ಇತ್ತು.

ಈಗಲೂ ಮೊದಲ ಮೆಟ್ಟಿಲು ಗದಗಿನ ಜಿಲ್ಲಾ ಕಾರ್ಮಿಕ ಅಧಿಕಾರಿಗಳ ಕಚೇರಿ. ಅಲ್ಲಿ ಅರ್ಜಿ ಕೊಟ್ಟರೆ ಮಾಲೀಕರನ್ನು ಕರೆಸಿ ಸಂಧಾನ ಮಾಡಿಸುತ್ತಾರೆ. ಆಗದಿದ್ದರೆ ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯ; ಸಂಹಿತೆಯ ಪ್ರಕಾರ ಅದರ ಜಾಗಕ್ಕೆ ಇಬ್ಬರು ಸದಸ್ಯರ ನ್ಯಾಯಮಂಡಳಿ ಬರಬೇಕು. ಮುಂಡರಗಿಯಿಂದ ಹುಬ್ಬಳ್ಳಿಗೆ ಒಂದು ತಾರೀಖಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ, ಬಸ್ ಚಾರ್ಜು, ಹೊರಗಿನ ಊಟ. ಇಪ್ಪತ್ತು ತಾರೀಖಿಗೆ ಎಷ್ಟಾಯಿತು ಎಂದು ಲೆಕ್ಕ ಹಾಕಿಯೇ ಅನೇಕರು ಐದು ಸಾವಿರಕ್ಕೆ ರಾಜಿಯಾಗುತ್ತಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ. 2008ರ ಜುಲೈ 4ರಂದು ಧಾರವಾಡದಲ್ಲಿ ಹೈಕೋರ್ಟಿನ ಪೀಠ ಆರಂಭವಾಗುವವರೆಗೆ ಮೇಲ್ಮನವಿಗೆ ಬೆಂಗಳೂರಿಗೇ ಹೋಗಬೇಕಿತ್ತು. ಆ ಒಂದು ಭಾರವಂತೂ ಇಳಿದಿದೆ. ವಕೀಲರ ಫೀಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಲ್ಲಿ ಉಚಿತ ನೆರವಿಗೆ ಅರ್ಹರಾದವರ ಪಟ್ಟಿಯಿದೆ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರ ಜೊತೆಗೆ ಕೈಗಾರಿಕಾ ಕಾರ್ಮಿಕರ ಹೆಸರೂ ಅದರಲ್ಲಿದೆ. ಗದಗಿನ ನ್ಯಾಯಾಲಯ ಸಂಕೀರ್ಣದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕು ಕೋರ್ಟುಗಳಲ್ಲಿ ತಾಲ್ಲೂಕು ಸಮಿತಿ ಇದಕ್ಕೆಂದೇ ಇವೆ.

ಅರ್ಜಿಗೂ ಮುಂಚೆ ಆಗಬೇಕಾದ ಕೆಲಸ ಒಂದಿದೆ. ನಮ್ಮ ಮಾತಿನಲ್ಲಿ ‘ಕೆಲಸ ಬಿಡಿಸ್ಯಾರ’ ಎನ್ನುವುದಕ್ಕೂ ‘ಕೆಲಸ ಬಿಟ್ಟಾನ’ ಎನ್ನುವುದಕ್ಕೂ ಕೇಳಲು ದೂರವೇನಿಲ್ಲ. ಕೋರ್ಟಿನಲ್ಲಿ ಇಡೀ ಪ್ರಕರಣ ನಿಲ್ಲುವುದು ಈ ಎರಡರ ನಡುವೆ. ನಾವು ತೆಗೆದೇ ಇಲ್ಲ, ಅವನೇ ಬರುವುದು ನಿಲ್ಲಿಸಿದ ಎಂಬುದು ಮಾಲೀಕರ ಕಡೆಯ ಹಳೆಯ ವಾದ. ದಕ್ಷಿಣ ರೈಲ್ವೆಯಲ್ಲಿ ದೀರ್ಘಕಾಲ ತಾತ್ಕಾಲಿಕವಾಗಿ ದುಡಿದ ರಾಬರ್ಟ್ ಡಿಸೋಜ ಅವರ ಪ್ರಕರಣದಲ್ಲಿ, ಗೈರುಹಾಜರಿಯ ಕಾರಣ ಹೇಳಿ ಪಟ್ಟಿಯಿಂದ ಹೆಸರು ಹೊಡೆದುಹಾಕುವುದೂ ಕೆಲಸ ಕಡಿತವೇ ಎಂದು 1982ರಲ್ಲೇ ತೀರ್ಪಾಗಿದೆ. 1993ರ ಡಿ.ಕೆ. ಯಾದವ್ ಪ್ರಕರಣ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ವಿಚಾರಣೆಯಿಲ್ಲದೆ ಹಾಗೆ ತೆಗೆಯುವುದು ಸಂವಿಧಾನದ 14 ಮತ್ತು 21ನೇ ವಿಧಿಗೇ ವಿರುದ್ಧ ಎಂದಿತು. ಹಾಗಾಗಿ ‘ಬರಬ್ಯಾಡ’ ಎಂದ ವಾರದೊಳಗೆ ಮಾಲೀಕರಿಗೆ ಒಂದು ಪತ್ರ ಹೋಗಲೇಬೇಕು. ಕಾನೂನಿನ ಭಾಷೆ ಬೇಡ. ಶಿರಹಟ್ಟಿಯ ನಮ್ಮ ಪರಿಚಯದ ಹುಡುಗನೊಬ್ಬನಿಗೆ ಕಳೆದ ವರ್ಷ ನಾನು ಬರೆದುಕೊಟ್ಟದ್ದು ನಾಲ್ಕೇ ಸಾಲು:

‘ತಾವು ಇಂಥ ದಿನಾಂಕದಂದು ನಾಳೆಯಿಂದ ಕೆಲಸಕ್ಕೆ ಬರಬೇಡ ಎಂದು ಬಾಯಿಮಾತಿನಲ್ಲಿ ತಿಳಿಸಿದ್ದೀರಿ. ನಾನು ಕೆಲಸ ಬಿಟ್ಟಿಲ್ಲ, ರಾಜೀನಾಮೆ ಕೊಟ್ಟಿಲ್ಲ. ಇಂಥ ವರ್ಷದಿಂದ ತಮ್ಮಲ್ಲಿ ದುಡಿಯುತ್ತಿದ್ದು, ಇಂದೂ ಕೆಲಸಕ್ಕೆ ಬರಲು ಸಿದ್ಧನಿದ್ದೇನೆ. ನನ್ನನ್ನು ಕೆಲಸಕ್ಕೆ ಸೇರಿಸಿಕೊಳ್ಳಬೇಕು, ಇಲ್ಲವೇ ಕಾರಣವನ್ನು ಬರಹದಲ್ಲಿ ತಿಳಿಸಬೇಕೆಂದು ಕೋರುತ್ತೇನೆ.’

ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಶೀದಿ ಜೋಪಾನ ಮಾಡಿ, ಪತ್ರದ ಒಂದು ಪ್ರತಿಯನ್ನು ಕಾರ್ಮಿಕ ಅಧಿಕಾರಿಗೆ ಕೊಟ್ಟು ಮೊಹರು ಹಾಕಿಸಿಕೊಳ್ಳಬೇಕು. ಚೀಟಿಗೆ ಸಹಿ ಕೇಳಿದರೆ ಓದದೆ ಮಾಡಬಾರದು. ಮಾಡಲೇಬೇಕಾಗಿ ಬಂದರೆ ‘ಕೊಟ್ಟ ಹಣ ಇಷ್ಟು, ಬಾಕಿ ಹಕ್ಕು ಉಳಿಸಿಕೊಂಡು ಪಡೆದಿದ್ದೇನೆ’ ಎಂದು ಸ್ವಂತ ಕೈಯಲ್ಲಿ ಬರೆದು ಸಹಿ ಮಾಡಬಹುದು. ಆ ಹುಡುಗ ‘ಅಣ್ಣಾರ, ಹಿಂಗ ಬರದ್ರ ಸಾವ್ಕಾರ್ರು ಸಿಟ್ಟಾಗ್ತಾರಲ್ರಿ’ ಎಂದ. ಆಗಲೇ ಕೆಲಸದಿಂದ ತೆಗೆದಿದ್ದರು, ಆದರೂ ಅವರ ಸಿಟ್ಟಿನ ಚಿಂತೆ ಅವನಿಗೆ. ನಾಳೆ ಇನ್ನೊಂದು ಅಂಗಡಿಯಲ್ಲಿ ಕೆಲಸ ಕೇಳಬೇಕು, ಅದೇ ಬಜಾರು, ಅದೇ ಜನ. ನಾನು ಅವನಿಗೆ ಧೈರ್ಯ ಹೇಳಿದೆ, ಆದರೆ ಆ ಭಯ ಸುಳ್ಳು ಎನ್ನಲಿಲ್ಲ. ಅವನು ಎರಡು ದಿನ ಯೋಚಿಸಿ ಪತ್ರ ಹಾಕಿದ.

ಗೆದ್ದರೆ ಏನು ಸಿಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಕೆಲಸ ಮರಳಿ ಸಿಗಬಹುದು, ಕಳೆದ ದಿನಗಳ ಪಗಾರವೂ ಸಿಗಬಹುದು. ತಪ್ಪಾಗಿ ತೆಗೆದರೆಂದು ಸಾಬೀತಾದ ಮೇಲೆ ಹಿಂಬಾಕಿ ಪಗಾರ ಕೊಡುವುದೇ ಸಾಮಾನ್ಯ ನಿಯಮ ಎಂದು 2013ರಲ್ಲಿ, ಮಹಾರಾಷ್ಟ್ರದ ಶಿಕ್ಷಕಿಯೊಬ್ಬರ ದೀಪಾಲಿ ಗುಂಡು ಸುರ್ವಸೆ ಪ್ರಕರಣದಲ್ಲಿ, ಸುಪ್ರೀಂ ಕೋರ್ಟು ಹೇಳಿದೆ. ದಿನಗೂಲಿಗಳ ವಿಷಯದಲ್ಲಿ ಮಾತ್ರ ಈಚೆಗೆ ಕೆಲಸದ ಬದಲು ಒಂದು ಮೊತ್ತದ ಪರಿಹಾರ ಕೊಟ್ಟು ಮುಗಿಸುವ ಒಲವು ಹೆಚ್ಚಿದೆ. 2013ರ ಭುರುಮಲ್ ಪ್ರಕರಣ ಅದಕ್ಕೆ ಬಲ ಕೊಟ್ಟಿತು. ಕಾನೂನು ಮುರಿದ ಮಾಲೀಕ ಹಣ ಕೊಟ್ಟು ಕೈ ತೊಳೆದುಕೊಳ್ಳಬಹುದು ಎಂದಾಗುವುದು ನನಗೆ ಒಪ್ಪಿಗೆಯಾಗದ ಮಾತು. ಆದರೂ ಎರಡು ಸಾವಿರಕ್ಕೂ ಕೋರ್ಟು ಕೊಡಿಸುವ ಮೊತ್ತಕ್ಕೂ ಅಜಗಜಾಂತರ.

ಮಾವ ತೀರಿಕೊಂಡು ಎಂಟು ವರ್ಷವಾಯಿತು. ಪ್ರೆಸ್ಸಿನ ಕೆಲಸ ಹೋದ ಮೇಲೆ ಅವರು ಬೆಟಗೇರಿಯಲ್ಲೇ ಒಬ್ಬರ ಸೀರೆ ಅಂಗಡಿಯಲ್ಲಿ ಲೆಕ್ಕ ಬರೆದರು, ಅಲ್ಲಿಂದಲೂ ಒಂದು ದಿನ ಬರಬೇಡ ಎನ್ನಿಸಿಕೊಂಡರು. ಕಳೆದ ದಸರೆಗೆ ಅತ್ತೆಯ ಟ್ರಂಕು ತೆರೆದಾಗ ಬಟ್ಟೆಯ ಕೆಳಗೆ ಕಿಸೆಯಲ್ಲಿಡುವಂಥ ಸಣ್ಣ ಪುಸ್ತಕಗಳು ಸಿಕ್ಕವು, ದಾರ ಕಟ್ಟಿ ಇಟ್ಟದ್ದು. ರಾತ್ರಿ ಹೆಚ್ಚು ಹೊತ್ತು ನಿಂತ ದಿನಕ್ಕೆ ಮಜೂರಿ ಬೇರೆ ಲೆಕ್ಕ ಇರುತ್ತಿದ್ದುದರಿಂದ ಮಾವ ದಿನವೂ ಬರೆದಿಡುತ್ತಿದ್ದರಂತೆ: ತಾರೀಖು, ಬಂದ ಹೊತ್ತು, ಬಿಟ್ಟ ಹೊತ್ತು, ಜೋಡಿಸಿದ ಪುಟ. ಅಕ್ಷರ ಅಚ್ಚಿನ ಹಾಗೇ ಇತ್ತು. ಕೊನೆಯ ಪುಸ್ತಕ ತೆಗೆದುಕೊಂಡು ಅತ್ತೆಯ ಪಕ್ಕ ಕೂತು ಎಣಿಸಿದೆ. ಕೊನೆಯ ಹನ್ನೆರಡು ತಿಂಗಳಲ್ಲಿ 291 ದಿನ.